ರೈಲಿಗೆ ಹಿಡಿತ ಕೊಡುವ ಮರಳು ಕಾರನ್ನು ಜಾರಿಸುವುದೇಕೆ?

ಪ್ರಶ್ನೆ: ಗಾಲಿ ಜಾರಿದರೆ ರೈಲು ಎಂಜಿನ್ ಹಳಿಗೆ ಮರಳು ಸುರಿಯುತ್ತದಂತೆ. ನನ್ನ ಟರ್ಬೊ ಕಾರು ಕೆ.ಜಿ.ಎಫ್.ನಲ್ಲಿ ಮರಳು ಕಂಡರೇ ಜಾರುತ್ತದೆ. ಏಕೆ?
– ಓದುಗರು, ಬಂಗಾರಪೇಟೆ

ಉತ್ತರ: ನಿಮ್ಮ ಬಂಗಾರಪೇಟೆಯಿಂದ ಕೆ.ಜಿ.ಎಫ್.ನ ಮಾರಿಕುಪ್ಪಂಗೆ 1894ರಲ್ಲೇ ರೈಲು ಬಂತು; ಹಾಗಾಗಿ ಮೊದಲು ರೈಲಿನ ಮಾತು. ಎಂಜಿನ್ನಿನ ಭಾರಕ್ಕೆ ಮರಳು ಪುಡಿಯಾಗಿ ಉಕ್ಕಿನ ಗಾಲಿ, ಹಳಿಗಳ ನಡುವೆ ಕಚ್ಚಿಕೊಳ್ಳುತ್ತದೆ. ರಬ್ಬರಿನ ಕತೆಯೇ ಬೇರೆ. ಅದು ಡಾಂಬರಿನ ಒರಟು ಮೈಗೆ ಅಮುಕಿ ಕೂತಾಗಲೇ ಹಿಡಿತ. ಕೆ.ಜಿ.ಎಫ್.ನ ಚಿನ್ನದ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಗಾಳಿಗೆ ಹಾರಿಬರುವ ಸಣ್ಣ ಪುಡಿ ನಡುವೆ ಸೇರಿದರೆ ಟೈರು ಡಾಂಬರನ್ನು ಮುಟ್ಟುವುದೇ ಇಲ್ಲ; ಮೊದಲ ಹನಿ ಮಳೆ ಬಿದ್ದರಂತೂ ಅದು ಕೆಸರು.

ಎಷ್ಟು ಅಶ್ವಶಕ್ತಿಯಿದ್ದರೂ ನೆಲ ಮುಟ್ಟುವುದು ಟೈರಿಗೊಂದು ಅಂಗೈಯಷ್ಟು ಜಾಗ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಜೋರಾಗಿ ಹೊರಟರೆ ಭಾರ ಹಿಂದಕ್ಕೆ ಸರಿದು ಆ ಹಿಡಿತವೂ ಸಡಿಲ. ದುಡ್ಡು ಹಾಕುವುದಾದರೆ ಮೊದಲು ಮೆದು ರಬ್ಬರಿನ ಒಳ್ಳೆಯ ಟೈರಿಗೆ ಹಾಕಿ (ಬೇಗ ಸವೆಯುತ್ತದೆ, ಗೊಣಗಬೇಡಿ). ಗಾಳಿಯನ್ನು ಟೈರು ತಣ್ಣಗಿದ್ದಾಗ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟೇ ತುಂಬಿಸಿ. ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಬೇಡಿ. ಪುಡಿ ಬಿದ್ದ ತಿರುವಿನಲ್ಲಿ ಎರಡನೇ ಗೇರು, ಹಗುರ ಕಾಲು. ಡಿಕ್ಕಿಯಲ್ಲಿ ಮರಳುಚೀಲ ಹೇರುವ ಸಲಹೆ ಹಿಂದಿನ ಚಕ್ರ ತಳ್ಳುವ ಗಾಡಿಗೆ. ನಿಮ್ಮದು ಮುಂದಿನ ಚಕ್ರದ್ದಾದರೆ ಅದು ತಿರುಗುಬಾಣ.