ಅಪ್ಪನ ಪೌತಿ ಖಾತೆ, ಅಪ್ಪನ ಗಡಿಯಾರ

ತೀರಿಕೊಂಡವರ ಕಾಗದಪತ್ರದ ಕೆಲಸ ಮರಣ ಪ್ರಮಾಣಪತ್ರದಿಂದ ಶುರು. 21 ದಿನದೊಳಗೆ ನೋಂದಾಯಿಸಿದರೆ ವಿಳಂಬ ಶುಲ್ಕವಿಲ್ಲ. ಬ್ಯಾಂಕು, ವಿಮೆ, ಪಿಂಚಣಿ ಎಲ್ಲೆಡೆ ಕೇಳುವುದರಿಂದ ಹಲವು ಪ್ರತಿ ಬೇಕು.

ಕರ್ನಾಟಕದಲ್ಲಿ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವುದು ಪೌತಿ ಖಾತೆಯಿಂದ. ಅದಕ್ಕೆ ವಂಶವೃಕ್ಷ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಅದರಲ್ಲಿ ಇರಲೇಬೇಕು. ಎಷ್ಟೋ ಮನೆಗಳಲ್ಲಿ ಈ ಕೆಲಸ ಬಾಕಿ ಉಳಿದು, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ. ಇನ್ನು ಬ್ಯಾಂಕಿನಲ್ಲಿರುವ ಹಣವನ್ನು ನಾಮಿನಿ ಪಡೆಯಬಹುದು, ಆದರೆ ಅದರ ಒಡೆತನ ವಾರಸುದಾರರದು.

ಕಡತಗಳ ನಡುವೆ ಬೇರೆ ಆಸ್ತಿಯೂ ಸಿಗುತ್ತದೆ: ಕೀಲಿ ಕೊಡುವ ಎಚ್‌ಎಂಟಿ ಗಡಿಯಾರ, ಪಂಚಾಂಗದ ಅಂಚಿನಲ್ಲಿ ಬರೆದ ಹಾಲಿನ ಲೆಕ್ಕ. ಆ ಕೈಬರಹ ರದ್ದಿಗೆ ಹೋದರೆ ಮತ್ತೆ ಸಿಗದು. ಹಳೆಯ ಫೋಟೊಗಳ ಹಿಂದೆ ಪೆನ್ಸಿಲಿನಲ್ಲಿ ಹಗುರವಾಗಿ ಹೆಸರು, ಊರು, ವರ್ಷ ಬರೆದಿಡಬೇಕು, ಮುಖ ಗುರುತಿಸುವ ಹಿರಿಯರು ಇರುವಾಗಲೇ.