ನಡೆಯುವವನಿಗೂ ದಾರಿ ಬೇಡವೇ?

ತಲಪಾಡಿಯಿಂದ ತೆಂಕಲಾಗಿ ಬರುವ ಹೆದ್ದಾರಿ ನಮ್ಮ ಕಣ್ಣೆದುರಿನಲ್ಲೇ ಬೆಳೆದು ದೊಡ್ಡದಾಯಿತು. ನಮ್ಮಲ್ಲಿ ಅನೇಕರು ಈಗಲೂ ಹದಿನೇಳೆಂದೇ ಕರೆಯುವ ಈ ರಸ್ತೆ ಇಂದು ರಾಷ್ಟ್ರೀಯ ಹೆದ್ದಾರಿ 66. ಕೇರಳದಲ್ಲಿ ಅದರ ಅಗಲ 45 ಮೀಟರು ಎಂದು ನಿಗದಿಯಾಗಿದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ದಾರಿಯಲ್ಲಿ ಆರು ಪಥಗಳು, ಇಕ್ಕೆಲಗಳಲ್ಲಿ ಸರ್ವೀಸ್ ರಸ್ತೆಗಳು ಬಂದಿವೆ. ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಾದವರಿಗೆ, ಉದ್ಯೋಗಕ್ಕಾಗಿ ದಿನಾಲೂ ಗಡಿ ದಾಟುವವರಿಗೆ ಇದರಿಂದ ಉಪಕಾರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಗುಂಡಿ ಬಿದ್ದ ಹಳೆಯ ರಸ್ತೆಯಲ್ಲಿ ವರ್ಷಾನುಗಟ್ಟಲೆ ಕುಲುಕಾಡಿದ ನಾವು ಒಳ್ಳೆಯ ರಸ್ತೆಯನ್ನು ಬೇಡವೆನ್ನುವವರಲ್ಲ.

ಆದರೆ ಈ ರಸ್ತೆಯಲ್ಲಿ ಉದ್ದಕ್ಕೆ ಹೋಗುವವರಿರುವಂತೆ ಅಡ್ಡಕ್ಕೆ ಹೋಗುವವರೂ ಇದ್ದಾರೆ. ಮನೆ ಮೂಡು ಬದಿಯಲ್ಲಿ, ಶಾಲೆ ಪಡು ಬದಿಯಲ್ಲಿ. ರೇಶನ್ ಅಂಗಡಿ ಈಚೆ, ಹಾಲಿನ ಡಿಪೋ ಆಚೆ. ದೇವಸ್ಥಾನ, ಮಸೀದಿ, ಇಗರ್ಜಿ, ತರವಾಡು ಮನೆ ಇವೆಲ್ಲ ಹೆದ್ದಾರಿಯ ನಕಾಶೆ ನೋಡಿ ಕಟ್ಟಿದವುಗಳಲ್ಲ. ನಿನ್ನೆಯವರೆಗೆ ನಾಲ್ಕು ಹೆಜ್ಜೆಯಲ್ಲಿ ದಾಟುತ್ತಿದ್ದ ಅಜ್ಜಿ ಇಂದು ಎದುರಿಗೆ ಕಾಣುವ ಮಗಳ ಮನೆಗೆ ಹೋಗಬೇಕಾದರೆ ಅಂಡರ್‌ಪಾಸ್ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೊರಡಬೇಕು. ಕೆಲಸ ಸಾಗುತ್ತಿದ್ದಾಗ ಪೇಟೆ ಪೇಟೆಗಳಲ್ಲಿ ಜನರು ಸೇರಿ ನಮಗೊಂದು ಅಂಡರ್‌ಪಾಸ್ ಕೊಡಿರೆಂದು ಬೇಡಿಕೆಯಿಟ್ಟದ್ದು ಸುಮ್ಮನೆ ಅಲ್ಲ. ಊರು ಎರಡು ಹೋಳಾಗುವುದರ ಕಷ್ಟ ಕಾಲ್ನಡಿಗೆಯವನಿಗೆ ಗೊತ್ತಾದಷ್ಟು ಕಾರಿನವನಿಗೆ ಗೊತ್ತಾಗದು.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಬದಿಯ ಮೂರು ಪಥಗಳ ಅಗಲ ಸುಮಾರು ಹತ್ತೂವರೆ ಮೀಟರು. ವಯಸ್ಸಾದವರು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೂ ಅಷ್ಟನ್ನು ದಾಟಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕು. ಗಂಟೆಗೆ 80 ಕಿಲೋಮೀಟರು ವೇಗದ ವಾಹನ ಅಷ್ಟರಲ್ಲಿ 230 ಮೀಟರು ಮುಂದೆ ಬಂದಿರುತ್ತದೆ. ತಿರುವಿನಾಚೆಯ ಬಂಡಿಯನ್ನು ಅಷ್ಟು ದೂರದಿಂದ ಕಂಡು ಅದರ ವೇಗವನ್ನು ಅಂದಾಜು ಮಾಡುವುದು ಎಂಟು ವರ್ಷದ ಮಗುವಿನಿಂದಾಗಲಿ ಎಂಬತ್ತರ ಮುದುಕರಿಂದಾಗಲಿ ಸಾಧ್ಯವೇ? ಆದುದರಿಂದ ಹೆದ್ದಾರಿಯನ್ನು ಹಾರಿ ದಾಟುವ ಸಾಹಸ ಯಾರೂ ಮಾಡಕೂಡದು. ಆದರೆ ಸುತ್ತು ದಾರಿ ಅತಿಯಾದರೆ ಜನರು ಆ ಸಾಹಸ ಮಾಡಿಯೇ ತೀರುತ್ತಾರೆ ಎಂಬುದನ್ನೂ ಯೋಜನೆ ಹಾಕುವವರು ತಿಳಿದಿರಬೇಕು.

ಕಾಲುದಾರಿಗಳು ಹೋದುವೆಲ್ಲಿಗೆ?

ನಮ್ಮದು ನಡೆದೇ ಬೆಳೆದ ನಾಡು. ಗದ್ದೆಯ ಕಟ್ಟಹುಣಿ, ತೋಡಿಗೆ ಅಡ್ಡಲಾಗಿ ಎರಡು ಕಂಗಿನ ಮರ ಹಾಕಿದ ಸಂಕ, ಗುಡ್ಡೆ ಇಳಿದು ಬಯಲಿಗೆ ಸೇರುವ ಓಣಿ ಇವುಗಳ ಮೇಲೆಯೇ ಮದುವೆಯ ದಿಬ್ಬಣಗಳು ಸಾಗಿದುವು. ರಾತ್ರಿಯಿಡೀ ಆಟ ನೋಡಿ ಬೆಳಗಿನ ಜಾವ ದೊಂದಿ ಹಿಡಿದು ಮರಳಿದವರ ದಾರಿಯೂ ಅದೇ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಿರಿಯರು ಶಾಲೆಗೆ ಮೂರು ನಾಲ್ಕು ಮೈಲು ನಡೆದವರೇ. ಅನಂತರ ಸೈಕಲು ಬಂತು. ಗಂಟೆಗಿಷ್ಟೆಂದು ಸೈಕಲು ಬಾಡಿಗೆಗೆ ಕೊಡುವ ಅಂಗಡಿಯಿಲ್ಲದ ಪೇಟೆಯಿರಲಿಲ್ಲ. ಮೀನು ಮಾರುವವನ ಹಾರ್ನು, ಪತ್ರಿಕೆ ಹಾಕುವ ಹುಡುಗನ ಗಂಟೆ, ಐಸ್‌ಕ್ಯಾಂಡಿಯವನ ಪೆಟ್ಟಿಗೆ ಎಲ್ಲವೂ ಎರಡು ಚಕ್ರಗಳ ಮೇಲೆ ಮನೆಬಾಗಿಲಿಗೆ ಬರುತ್ತಿದ್ದುವು.

ಇಂದು ಕಟ್ಟಹುಣಿಯ ಜಾಗದಲ್ಲಿ ಮಣ್ಣು ತುಂಬಿ ಆವರಣ ಗೋಡೆ ಎದ್ದಿದೆ. ಓಣಿ ಅಗಲವಾಗಿ ಕಾಂಕ್ರೀಟು ರಸ್ತೆಯಾಗಿದೆ. ಅದರಲ್ಲಿ ಕಾರು ಬಂದರೆ ನಡೆಯುವವನು ಗೋಡೆಗೆ ಅಂಟಿ ನಿಲ್ಲಬೇಕು. ಕೇರಳದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದೂವರೆ ಕೋಟಿಯನ್ನು ಮೀರಿದೆ. ಇರುವ ಜನಸಂಖ್ಯೆ ಸುಮಾರು ಮೂರೂವರೆ ಕೋಟಿ. ವಾಹನವಿದ್ದವರೆಲ್ಲ ಅನುಕೂಲಸ್ಥರೆಂದು ನಾವು ಹೇಳುವುದಿಲ್ಲ. ನಡೆಯಲು ದಾರಿಯಿಲ್ಲದೆ, ಬಸ್ಸು ಸಮಯಕ್ಕೆ ಬಾರದೆ, ಸಾಲ ಮಾಡಿ ಸ್ಕೂಟರು ಕೊಂಡ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಲೆಕ್ಕ ಹೇಳುವ ಸತ್ಯ

ನಮ್ಮ ದೇಶ ಕಾರಿನ ದೇಶವೆಂದು ಭಾವಿಸುವವರು 2011ರ ಜನಗಣತಿಯನ್ನು ನೋಡಬೇಕು. ಕೃಷಿ ಮತ್ತು ಗೃಹೋದ್ಯಮದ ಹೊರಗೆ ದುಡಿಯುವವರು ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಅಂದು ಕೇಳಲಾಯಿತು. ಸುಮಾರು ನೂರಕ್ಕೆ 23 ಮಂದಿ ನಡೆದು, 13 ಮಂದಿ ಸೈಕಲಿನಲ್ಲಿ ಹೋಗುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು ಮೂರು ಮಂದಿಯೂ ಇರಲಿಲ್ಲ. ಅಲ್ಲಿಂದೀಚೆಗೆ ವಾಹನಗಳು ಬಹಳ ಹೆಚ್ಚಿರುವುದು ನಿಜ. ಆದರೂ ರಸ್ತೆಯ ಹಣವೆಲ್ಲ ಯಾರ ಅನುಕೂಲಕ್ಕೆ ವೆಚ್ಚವಾಗುತ್ತದೆ ಎಂಬ ಪ್ರಶ್ನೆಗೆ ಈ ಅಂಕಿ ಸಾಕು.

ಇನ್ನೊಂದು ಅಂಕಿ ಹೆಚ್ಚು ನೋವಿನದು. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಅಂದರೆ ಐವರಲ್ಲಿ ಒಬ್ಬ ಕೇವಲ ನಡೆದುಹೋಗುತ್ತಿದ್ದವನು. ಯಾವ ಯಂತ್ರವನ್ನೂ ಓಡಿಸದವನು, ಯಾರಿಗೂ ಅಪಾಯ ತರದವನು. ಇವರಲ್ಲಿ ಹೆಚ್ಚಿನವರ ಸುದ್ದಿ ಪತ್ರಿಕೆಯಲ್ಲಿ ನಾಲ್ಕು ಸಾಲನ್ನು ಮೀರುವುದಿಲ್ಲ ಎಂಬುದು ಪತ್ರಿಕೆಯವರಾದ ನಮಗೆ ಗೊತ್ತಿದೆ.

ಕೊಲ್ಲುವುದು ವೇಗ. ವಾಹನದ ವೇಗ 50 ಕಿಲೋಮೀಟರಿನಿಂದ 65ಕ್ಕೆ ಏರಿದರೆ ಅದರ ಮುಂಭಾಗ ಬಡಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದಲೇ 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ರಾಷ್ಟ್ರಗಳು, ನಡೆಯುವವರೂ ವಾಹನಗಳೂ ಬೆರೆಯುವ ಕಡೆ ವೇಗ ಗಂಟೆಗೆ 30 ಕಿಲೋಮೀಟರು ಮೀರಬಾರದು ಎಂಬ ತತ್ವವನ್ನು ಒಪ್ಪಿದುವು.

ಹಾಲೆಂಡಿನವರು ಕಲಿತ ಪಾಠ

ಸೈಕಲೆಂದರೆ ಹಾಲೆಂಡು, ಅವರದು ಸಮತಟ್ಟಾದ ನಾಡು, ಅವರಿಗೆ ಅದು ಹುಟ್ಟುಗುಣ ಎಂದು ಹೇಳುವವರುಂಟು. ವಾಸ್ತವ ಹಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯೂ ಹಣ ಬಂತು, ಕಾರು ಬಂತು. ರಸ್ತೆ ಅಗಲಗೊಳಿಸಲು ಹಳೆಯ ಕಟ್ಟಡಗಳನ್ನು ಕೆಡವಿದರು, ಚೌಕಗಳನ್ನು ಕಾರು ನಿಲ್ಲಿಸುವ ತಾಣಗಳನ್ನಾಗಿ ಮಾಡಿದರು. ಸೈಕಲಿನವರು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದರು. 1971ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು.

ಅಲ್ಲಿನ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ರಸ್ತೆಯಲ್ಲಿ ತನ್ನ ಮಗಳನ್ನು ಕಳೆದುಕೊಂಡವರು. ಮಕ್ಕಳ ಈ ಕೊಲೆಯನ್ನು ನಿಲ್ಲಿಸಿ ಎಂಬ ತಲೆಬರಹದಲ್ಲಿ ಅವರು ಬರೆದ ಲೇಖನದಿಂದ ಒಂದು ಚಳವಳಿಯೇ ಹುಟ್ಟಿತು. ತಾಯಂದಿರು, ತಂದೆಯಂದಿರು ಬೀದಿಗಿಳಿದರು. 1973ರ ನವೆಂಬರಿನಲ್ಲಿ ತೈಲದ ಬಿಕ್ಕಟ್ಟಿನಿಂದ ಸರಕಾರ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿದಾಗ ಹೆದ್ದಾರಿಯ ಮೇಲೆ ಮಕ್ಕಳು ಆಡಿದರು. ರಸ್ತೆ ಹೀಗೂ ಇರಬಹುದೆಂದು ಜನರು ಕಣ್ಣಾರೆ ಕಂಡರು. 1975ರಲ್ಲಿ ಸೈಕಲಿಗರ ಸಂಘ ಸ್ಥಾಪನೆಯಾಯಿತು. ಡೆಲ್ಫ್ಟ್ ಪಟ್ಟಣದಲ್ಲಿ ಮನೆಗಳ ಬೀದಿಯನ್ನು ಮಕ್ಕಳ ಅಂಗಳದಂತೆ ರೂಪಿಸಿ, ಕಾರು ಅಲ್ಲಿ ನಡಿಗೆಯ ವೇಗದಲ್ಲಿ ಮಾತ್ರ ಸಾಗುವಂತೆ ಮಾಡಿದರು. 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆಯೂ ಸಿಕ್ಕಿತು.

ಗ್ರೋನಿಂಗನ್ ನಗರದ ಕಥೆ ಇನ್ನೂ ಸ್ವಾರಸ್ಯದ್ದು. 1977ರಲ್ಲಿ ಅಲ್ಲಿನ ಆಡಳಿತ ಪೇಟೆಯ ನಡುಭಾಗವನ್ನು ನಾಲ್ಕು ತುಂಡುಗಳಾಗಿ ವಿಂಗಡಿಸಿತು. ಕಾರಿನವನು ಒಂದು ತುಂಡಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುವಂತಿಲ್ಲ. ಹೊರಗಿನ ಸುತ್ತುರಸ್ತೆಗೆ ಹೋಗಿ ಬಳಸಿ ಬರಬೇಕು. ನಡೆಯುವವನಿಗೂ ಸೈಕಲಿನವನಿಗೂ ನೇರ ದಾರಿ. ನಮ್ಮ ಊರಿನಲ್ಲಿ ಅಜ್ಜಿ ಸುತ್ತು ಬಳಸಿ ಹೋಗುತ್ತಾಳೆ, ಕಾರು ನೇರ ಹೋಗುತ್ತದೆ. ಅಲ್ಲಿ ಅದನ್ನೇ ತಿರುಗಿಸಿ ಹಾಕಿದರು, ಅಷ್ಟೆ. ವ್ಯಾಪಾರಿಗಳು ಮೊದಲಿಗೆ ಬಲವಾಗಿ ವಿರೋಧಿಸಿದರು. ಇಂದು ಆ ನಗರದೊಳಗಿನ ಓಡಾಟದಲ್ಲಿ ಅರ್ಧಕ್ಕೂ ಹೆಚ್ಚು ಸೈಕಲಿನದೇ.

ಕಾನೂನೂ ಅಲ್ಲಿ ದುರ್ಬಲನ ಪಕ್ಷದಲ್ಲಿದೆ. ಮೋಟಾರು ವಾಹನ ಸೈಕಲಿನವನಿಗೋ ಪಾದಚಾರಿಗೋ ಬಡಿದರೆ ಪರಿಹಾರದ ಹೊಣೆ ಸಾಮಾನ್ಯವಾಗಿ ಮೋಟಾರಿನವನದೇ. ಹದಿನಾಲ್ಕು ತುಂಬದ ಮಕ್ಕಳ ವಿಷಯದಲ್ಲಂತೂ ಮಗುವಿನ ಅಜಾಗರೂಕತೆಯ ನೆಪ ನಡೆಯದು. ಈಚಿನ ವರ್ಷಗಳಲ್ಲಿ ಆ ದೇಶದಲ್ಲಿ ರಸ್ತೆ ಮರಣಗಳು ವರ್ಷಕ್ಕೆ ಏಳುನೂರರ ಆಸುಪಾಸು. ವಾಹನಗಳೇನೂ ಕಡಿಮೆಯಾಗಿಲ್ಲ, 1971ಕ್ಕಿಂತ ಬಹಳ ಹೆಚ್ಚಿವೆ.

ಪುದುಕೋಟೆಯ ಹೆಣ್ಣುಮಕ್ಕಳು

ಇದು ಪರದೇಶದ ಮಾತಾಯಿತು ಎನ್ನುವವರಿಗೆ ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಚಳವಳಿಯ ಅಂಗವಾಗಿ ಹೆಂಗಸರಿಗೆ ಸೈಕಲು ಕಲಿಸಿದರು. ಕಲೆಕ್ಟರರಾಗಿದ್ದ ಶೀಲಾರಾಣಿ ಚುಂಕತ್ ಇದಕ್ಕೆ ಒತ್ತಾಸೆಯಾಗಿ ನಿಂತರು. ಲಕ್ಷಕ್ಕೂ ಮಿಕ್ಕಿ ಗ್ರಾಮೀಣ ಸ್ತ್ರೀಯರು ಸೈಕಲು ಏರಿದರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಲೇಡೀಸ್ ಸೈಕಲು ಸಾಲದೆ ಬಂದಾಗ ಗಂಡಸರ ಸೈಕಲನ್ನೇ ಕೊಂಡು, ಮುಂದಿನ ದಂಡದ ಮೇಲೆ ಮಗುವನ್ನು ಕೂರಿಸಿಕೊಂಡು ಹೊರಟರಂತೆ. ನೀರು ತರಲು, ಹೊಲದ ಬೆಳೆ ಮಾರಲು ಗಂಡಸರನ್ನೋ ಬಸ್ಸನ್ನೋ ಕಾಯಬೇಕಾದ ಅವಸ್ಥೆ ತಪ್ಪಿತು. ಬಿಹಾರ ಸರಕಾರ 2006ರಲ್ಲಿ ಹೈಸ್ಕೂಲು ಹುಡುಗಿಯರಿಗೆ ಸೈಕಲು ಕೊಡತೊಡಗಿದ ಮೇಲೆ ಶಾಲೆಗೆ ಸೇರುವ ಹುಡುಗಿಯರ ಸಂಖ್ಯೆ ಏರಿತೆಂದು ಅರ್ಥಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಕರ್ನಾಟಕದಲ್ಲಿಯೂ ಅದೇ ಹೊತ್ತಿಗೆ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲು ಕೊಡುವ ಯೋಜನೆ ಬಂದಿತ್ತು.

ಇದು ನಮಗೂ ಸಂಬಂಧಿಸಿದ ವಿಷಯ. ನಮ್ಮ ಕನ್ನಡ ಶಾಲೆಗಳು ಎಲ್ಲ ಊರಲ್ಲೂ ಇಲ್ಲ. ಹತ್ತಿರದ ಶಾಲೆಯಲ್ಲಿ ಕನ್ನಡ ವಿಭಾಗ ಇಲ್ಲದಿದ್ದರೆ ಮಗು ಇನ್ನೂ ಎರಡು ಮೈಲು ಮುಂದೆ ಹೋಗಬೇಕು. ಆ ಎರಡು ಮೈಲು ನಿರ್ಭಯವಾಗಿ ನಡೆಯುವಂತಿದ್ದರೆ, ಸೈಕಲಿನಲ್ಲಿ ಹೋಗುವಂತಿದ್ದರೆ ತಂದೆತಾಯಿ ಕಳುಹಿಸುತ್ತಾರೆ. ಇಲ್ಲವಾದರೆ ಮನೆಬಾಗಿಲಿಗೆ ವ್ಯಾನು ಬರುವ ಇಂಗ್ಲಿಷ್ ಶಾಲೆಯೇ ಸಾಕೆನ್ನುತ್ತಾರೆ. ನಮ್ಮ ಶಾಲೆಗಳ ಹಾಜರಿಪಟ್ಟಿಯ ಗತಿಗೂ ದಾರಿಯ ಸ್ಥಿತಿಗೂ ನಂಟಿದೆ ಎಂಬುದನ್ನು ಭಾಷಾಭಿಮಾನಿಗಳು ಮನಗಾಣಬೇಕು.

ಆಗಬೇಕಾದುದೇನು?

ಕಾನೂನಿನ ಬಲ ನಮಗಿದೆ. ದಾಟುಪಟ್ಟಿಯ ಬಳಿ ಚಾಲಕ ವೇಗ ತಗ್ಗಿಸಿ, ನಿಂತು, ಪಾದಚಾರಿಗೆ ದಾರಿ ಬಿಡಬೇಕೆಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತಿನ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿದೆ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರು ತೆರವಾದ ಜಾಗ ಬೇಕು, ಅದರ ಎತ್ತರ 15 ಸೆಂಟಿಮೀಟರು ಮೀರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡವೂ ಇದೆ.

ಹೀಗಿರುವಾಗ ನಾವು ಕೇಳುವುದು ಅಸಾಧ್ಯವಾದುದನ್ನಲ್ಲ. ಸರ್ವೀಸ್ ರಸ್ತೆಯ ಬದಿಯ ಚರಂಡಿಯ ಮೇಲೆ ಚಪ್ಪಡಿಗಳು ಕದಲದಂತೆ, ನಡುವೆ ಬಾಯಿ ತೆರೆಯದಂತೆ ಕೂರಲಿ. ಅದರ ಮೇಲೆ ಕಾರು, ಅಂಗಡಿಯ ಸಾಮಾನು ನಿಲ್ಲದಿರಲಿ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಅಂಡರ್‌ಪಾಸುಗಳಲ್ಲಿ ನೀರು ನಿಲ್ಲದಂತೆಯೂ ರಾತ್ರಿ ದೀಪ ಉರಿಯುವಂತೆಯೂ ನೋಡಿಕೊಳ್ಳಲಿ. ಶಾಲೆಗಳ ಮುಂದೆ 30ರ ವೇಗಮಿತಿ ಬರಲಿ, ಬರಿಯ ಫಲಕದಲ್ಲಲ್ಲ, ಉಬ್ಬು ದಾಟುಪಟ್ಟಿಯ ರೂಪದಲ್ಲಿ. ಎಚ್ಚರಿಕೆಯ ಫಲಕಗಳಲ್ಲಿ ಮಲಯಾಳದ ಜೊತೆಗೆ ಕನ್ನಡವೂ ಇರಲಿ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಇದು ಅಭಿಮಾನದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ನಮ್ಮಿಂದಲೂ ಆಗಬೇಕಾದುದಿದೆ. ಉಳಿದಿರುವ ಕಾಲುದಾರಿಗಳನ್ನು ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಆವರಣ ಗೋಡೆ ಕಟ್ಟುವವರು ನೆರೆಯವರ ನಡೆಹಾದಿಗೆ ಎರಡಡಿ ಬಿಟ್ಟರೆ ಯಾರ ಆಸ್ತಿಯೂ ಕರಗದು. ಫುಟ್‌ಪಾತಿಲ್ಲದಲ್ಲಿ ರಸ್ತೆಯ ಬಲಬದಿಯಲ್ಲಿ, ಎದುರಿಗೆ ಬರುವ ವಾಹನ ಕಾಣುವಂತೆ ನಡೆಯಲು ಮಕ್ಕಳಿಗೆ ಕಲಿಸಬೇಕು. ಮುಸ್ಸಂಜೆಯ ನಂತರ ಬಿಳಿ ಬಟ್ಟೆ, ಕೈಯಲ್ಲೊಂದು ಟಾರ್ಚು, ಸೈಕಲಿಗೆ ದೀಪ ಮತ್ತು ಹಿಂದೆ ಕೆಂಪು ರಿಫ್ಲೆಕ್ಟರು ಇರಲಿ. ಅರ್ಧ ಮೈಲಿನ ಅಂಗಡಿಗೆ ಕಾರು ತೆಗೆಯುವ ಮುನ್ನ ಒಮ್ಮೆ ಯೋಚಿಸೋಣ. ದಾರಿಯಲ್ಲಿ ನಡೆಯುವವರು ಹತ್ತು ಮಂದಿಯಾದರೆ ಹನ್ನೊಂದನೆಯವನಿಗೆ ಧೈರ್ಯ ಬರುತ್ತದೆ.

ಮುಂದಿನ ಗ್ರಾಮಸಭೆಗಳಲ್ಲಿ ಪ್ರತಿಯೊಂದು ವಾರ್ಡಿನಿಂದಲೂ ಈ ಒಂದು ಬೇಡಿಕೆ ಬರೆದುಕೊಡಲ್ಪಡಲಿ: ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಮಗುವೊಂದು ಒಂಟಿಯಾಗಿ ನಡೆದುಹೋಗಬಲ್ಲ ಒಂದು ದಾರಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?