ಮಾವಿನ ಹಣ್ಣಿನೊಳಗೂ ಎಂ.ಎಸ್ಸಿ. ಗಣಿತ

ಗಣಿತದಲ್ಲಿ ಎಂ.ಎಸ್ಸಿ. ಮಾಡಿದರೆ ಮೇಷ್ಟರ ಕೆಲಸವೊಂದೇ ಗತಿ ಎಂದು ಮಕ್ಕಳನ್ನು ತಡೆಯುವ ಪಾಲಕರು ಶ್ರೀನಿವಾಸಪುರದ ಮಾವನ್ನೇ ನೋಡಲಿ. ಶೈತ್ಯಾಗಾರದಲ್ಲಿಟ್ಟ ಹಣ್ಣಿನ ಒಳಗಿನ ಕಾವು ಹೊರಬರಲು ಎಷ್ಟು ಹೊತ್ತು ಬೇಕು? ಉತ್ತರ ಆಂಶಿಕ ಅವಕಲ ಸಮೀಕರಣದಲ್ಲಿದೆ. ಹಣ್ಣು ಚೆಂಡಿನಂತೆ ಗುಂಡಗಿದ್ದರೆ ಕಾಗದದ ಮೇಲೇ ಬಿಡಿಸಬಹುದು. ತೋತಾಪುರಿಯ ಕೊಕ್ಕಿಗೆ ಆ ಸೂತ್ರ ಒಗ್ಗದು! ಆಗ ಹಣ್ಣನ್ನು ಸಾವಿರಾರು ಸಣ್ಣ ತುಂಡುಗಳೆಂದು ಭಾವಿಸಿ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಬೇಕು. ಅನ್ವಯಿಕ ಗಣಿತದ ಸ್ನಾತಕೋತ್ತರ ತರಗತಿಯಲ್ಲಿ ಕಲಿಸುವುದು ಇದನ್ನೇ. ಹವಾಮಾನದ ಲೆಕ್ಕವೂ ಇದೇ ಜಾತಿಯದು, ಬೆಂಗಳೂರಿನ ಎನ್.ಎ.ಎಲ್. ಇಂಥ ಲೆಕ್ಕಗಳಿಗಾಗಿ 1986ರಲ್ಲೇ ‘ಫ್ಲೋಸಾಲ್ವರ್’ ಕಂಪ್ಯೂಟರ್ ಕಟ್ಟಿತು.

ಬೆಂಗಳೂರಿನಲ್ಲಿ ಟಿ.ಐ.ಎಫ್.ಆರ್.ನ ಅನ್ವಯಿಕ ಗಣಿತ ಕೇಂದ್ರವಿದೆ, ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಇದಕ್ಕೆಂದೇ ವಿಭಾಗವಿದೆ. ಐ.ಐ.ಟಿ.ಗಳ ಎಂ.ಎಸ್ಸಿ.ಗೆ ‘ಜ್ಯಾಮ್’ ಪರೀಕ್ಷೆಯನ್ನು ಬಿ.ಎಸ್ಸಿ. ಕೊನೆಯ ವರ್ಷದಲ್ಲೇ ಬರೆಯಬಹುದು. ಗೈಡು ಉರುಹೊಡೆದವರಿಗೆ ಅಲ್ಲಿ ಕಷ್ಟ. ರೇಖೀಯ ಬೀಜಗಣಿತ, ಅವಕಲ ಸಮೀಕರಣಗಳನ್ನು ಮೊದಲ ವರ್ಷದಿಂದಲೇ ಕೈಯಾರೆ ಬಿಡಿಸಿ ಕಲಿತಿರಬೇಕು.